ಕಾಕ ಬೋಳಿಸಿದ ನಾಲ್ಕು ತಲೆಗಳು

ಹೋದ ತಿಂಗಳು ಬಂದರಿನ ಹಗ್ಗದ ಅಂಗಡಿಯ ಕಾಕ ತೀರಿಕೊಂಡರು. ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದು, ಯಾರಿಗೋ ಹಗ್ಗ ಅಳೆದು ಕೊಡುತ್ತಿದ್ದವರು ಹಗ್ಗದ ಸುರುಳಿಯ ಮೇಲೆಯೇ ಕುಸಿದರಂತೆ. ಸಂಜೆಯೊಳಗೆ ದಫನವೂ ಆಗಿಹೋಯಿತು. ನನಗೆ ಸುದ್ದಿ ಮುಟ್ಟಿದ್ದು ಮರುದಿನ, ಕೊಡಿಯಾಲ್‌ಬೈಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಹೇಳಿದವರು ಅಕ್ಕಿಯ ರೇಶನ್ನಿನ ಮಾತಿನ ನಡುವೆ ಅದನ್ನೂ ಹೇಳಿ ಮುಂದೆ ಹೋದರು. ನನ್ನ ಕೈಯಲ್ಲಿದ್ದ ಚಾ ಅಂಗಿಯ ಮೇಲೆ ಚೆಲ್ಲಿತು. ಸಾಯುವುದೂ ಅವರಿಂದ ಆಗುವ ಕೆಲಸ ಎಂದು ನನಗೆ ಯಾವತ್ತೂ ತೋಚಿರಲಿಲ್ಲ.

ನಾನು ಹುಟ್ಟಾ ಪುಕ್ಕಲ. ಇಗರ್ಜಿಯ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದರೂ ಬೆಚ್ಚಿಬೀಳುತ್ತೇನೆ. ಆದರೆ ಆ ಒಬ್ಬ ಮನುಷ್ಯ ನನ್ನನ್ನು ಬೆಚ್ಚಿಬೀಳಿಸಿದಷ್ಟು ಸಲ ಬೇರೆ ಯಾರೂ ಬೀಳಿಸಿಲ್ಲ. ಸತ್ತ ಮೇಲೂ ಬಿಡಲಿಲ್ಲ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಬಂದರಿನಲ್ಲಿ ಒಂದು ಫುಟ್ಬಾಲ್ ಕ್ಲಬ್ ಇತ್ತು. ಹೆಸರೇನೋ ಭಾರೀ ದೊಡ್ಡದು. ಆಸ್ತಿಯೆಂದರೆ ತೇಪೆ ಹಾಕಿದ ಎರಡು ಚೆಂಡು, ಗಾಳಿ ಹಾಕುವ ಒಂದು ಪಂಪು, ಕಾಕನ ಅಂಗಡಿಯ ಹಿಂದಿನ ಕೋಣೆ. ದೊಡ್ಡವರ ಟೀಮಿಗೆ ಬೇರೆ ಯಜಮಾನರಿದ್ದರು. ಹುಡುಗರ ಟೀಮು ಮಾತ್ರ ಕಾಕನದ್ದು. ಹುಡುಗರನ್ನು ಹುಡುಕಿ ತರುವುದು, ತಿದ್ದಿ ಬೆಳೆಸುವುದು, ಮೀಸೆ ಮೂಡುವ ಹೊತ್ತಿಗೆ ದೊಡ್ಡವರ ಟೀಮಿಗೆ ದಾಟಿಸುವುದು, ಇದಿಷ್ಟೂ ಅವರೊಬ್ಬರ ಕೆಲಸ. ಅವರು ಜನ್ಮದಲ್ಲಿ ಚೆಂಡು ಒದ್ದವರಲ್ಲ ಎಂದು ಅವರ ತಮ್ಮನೇ ಹೇಳುತ್ತಿದ್ದ. ಅದನ್ನು ಕೇಳಿದಾಗಲೂ ನನಗೆ ಆಘಾತವಾಗಿತ್ತು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಹೊರಟರೆ ಅವರು ದೇರೆಬೈಲಿನ ಗುಡ್ಡೆಗೆ ಹೋಗುವುದುಂಟು, ವಾಮಂಜೂರಿನ ಗದ್ದೆಗೆ ಹೋಗುವುದುಂಟು. ಅಲ್ಲಿ ಹುಡುಗರು ಚಕ್ಕೋತ ಕಾಯಿಯನ್ನೇ ಚೆಂಡು ಮಾಡಿ ಒದೆಯುತ್ತಿದ್ದರೆ ಗದ್ದೆಯ ಬದುವಿನಲ್ಲಿ ಕೊಡೆ ಊರಿ ಕುಳಿತು ನೋಡುತ್ತಿದ್ದರು. ಗೋಲು ಹೊಡೆದವನ ಕಡೆ ಅವರ ಕಣ್ಣು ಹೋಗುತ್ತಲೇ ಇರಲಿಲ್ಲ. ಚೆಂಡು ಕಳಕೊಂಡ ಹುಡುಗ ಆಮೇಲೆ ಎಂತ ಮಾಡುತ್ತಾನೆ ಎಂಬುದೊಂದೇ ಅವರಿಗೆ ಬೇಕು. ಸೊಂಟಕ್ಕೆ ಕೈ ಕೊಟ್ಟು ನಿಂತನೋ, ಅವನ ಕಥೆ ಮುಗಿಯಿತು. ಬಾಯಿ ಮುಚ್ಚಿ ತಿರುಗಿ ಓಡಿದನೋ, ಆ ಸಂಜೆ ಕಾಕ ಅವನ ಮನೆಯ ಅಂಗಳದಲ್ಲಿ ಹಾಜರು.

ನಮ್ಮ ಮನೆಗೂ ಹಾಗೆಯೇ ಬಂದರು. ಅಮ್ಮ ಜಪಸರ ಹಿಡಿದು ಕುಳಿತಿದ್ದರು. ಕಾಕನ ಬೋಳು ತಲೆಯ ಮೇಲೆ ಬಿಳಿ ಟೊಪ್ಪಿ, ಹಸಿರು ಪಟ್ಟಿಯ ಅಗಲ ಬೆಲ್ಟು, ಕಾಲಿನವರೆಗೆ ಬಿಳಿ ಮುಂಡು. ಹೊಸ್ತಿಲ ಹೊರಗೆ ನಿಂತು, "ಬಾಯಿ, ನಿಮ್ಮ ಹುಡುಗನನ್ನು ನನಗೆ ಕೊಡ್ಬೇಕು" ಎಂದರು. ಅಮ್ಮನ ಕೈಯಿಂದ ಜಪಸರ ಜಾರಿತು. "ಸಂಜೆ ಹೊತ್ತು ಮಾತ್ರ. ದೀಪ ಹಚ್ಚುವಾಗ ನಿಮ್ಮ ಮನೆಯಲ್ಲಿ ಇರ್ತಾನೆ. ಭಾನುವಾರ ನಿಮ್ಮ ಪೂಜೆಗೆ ತಪ್ಪಿಸುದಿಲ್ಲ" ಎಂದು ಅವರು ಮಾತು ಪೂರ್ತಿ ಮಾಡುವ ತನಕ ಅಮ್ಮ ಉಸಿರು ಬಿಡಲಿಲ್ಲ.

ಅವರು ಕಲಿಸುವ ರೀತಿಯೂ ಊರು ಹೌಹಾರುವಂಥದ್ದೇ. ನಾನು ಬ್ಯಾಕ್ ಆಡುತ್ತಿದ್ದೆ. ಬ್ಯಾಕುಗಳು ಒಬ್ಬರನ್ನೊಬ್ಬರು ಬಿಟ್ಟು ಓಡುತ್ತಾರೆ ಎಂಬುದು ಕಾಕನ ದೊಡ್ಡ ದೂರು. ಒಂದು ಸಂಜೆ ಅಂಗಡಿಯಿಂದ ತೆಂಗಿನ ನಾರಿನ ಹಗ್ಗ ತಂದು ನಮ್ಮ ಸೊಂಟಕ್ಕೆ ಸುತ್ತಿ, ಒಬ್ಬನಿಂದ ಒಬ್ಬನಿಗೆ ಕಟ್ಟಿಯೇಬಿಟ್ಟರು. ಒಬ್ಬ ಬಲಕ್ಕೆ ಹೋದರೆ ಎಲ್ಲರೂ ಬಲಕ್ಕೆ ಹೋಗಬೇಕು, ಇಲ್ಲದಿದ್ದರೆ ಎಲ್ಲರೂ ಕೆಸರಿಗೆ. ಮೈದಾನದ ಬದಿಯಲ್ಲಿ ಹೋಗುತ್ತಿದ್ದ ಪೊಲೀಸಿನವನು ಸೈಕಲ್ ನಿಲ್ಲಿಸಿ ಓಡಿ ಬಂದ.

"ಎಂತ ಸಾಹೇಬ್ರೆ ಇದು, ಮಕ್ಕಳನ್ನು ದನದ ಹಾಗೆ ಕಟ್ಟುದು?"

"ಆಡ್ಲಿಕ್ಕೆ ಕಲಿಸ್ತಾ ಇದ್ದೇನೆ. ನಿಮಗೂ ಎರಡು ಮಾರು ಹಗ್ಗ ಬೇಕಾ?" ಎಂದರು ಕಾಕ.

ಸೊಂಟದ ಚರ್ಮ ಕೆಂಪಾಗಿ ಸುಲಿದಿತ್ತು. ಹಗ್ಗ ಬಿಚ್ಚಿದ ಮೇಲೂ ನಮ್ಮ ಕಾಲುಗಳು ಒಟ್ಟಿಗೇ ಹೋಗತೊಡಗಿದವು. ನನಗೆ ಇವತ್ತಿಗೂ ಪಕ್ಕದಲ್ಲಿ ನಡೆಯುವವರು ತಿರುಗಿದರೆ ಗೊತ್ತಿಲ್ಲದೇ ತಿರುಗುವ ಚಾಳಿ ಇದೆ.

ಆಟ ಮುಗಿದ ಮೇಲೆ ಎಲ್ಲರಿಗೂ ಬನ್ಸ್ ಮತ್ತು ಚಾ. ಅದನ್ನು ತಮ್ಮ ಮನೆಯಿಂದ ತರಿಸುತ್ತಿರಲಿಲ್ಲ. ಭಟ್ಟರ ಹೋಟೆಲಿನಿಂದಲೇ ತರಿಸುತ್ತಿದ್ದರು. ಯಾವ ಹುಡುಗನ ಮನೆಯವರೂ ನಾಳೆ ತಕರಾರು ಎತ್ತಬಾರದು ಎಂಬುದು ಲೆಕ್ಕಾಚಾರ. ಯಾರ ಮನೆಯಲ್ಲಿ ಮೀನಿಲ್ಲ, ಯಾರಿಗೆ ಯಾವ ವಾರ ಉಪವಾಸ, ನಮಗೆ ಈಸ್ಟರಿನ ಮುಂಚಿನ ತಪಸ್ಸು ಕಾಲ ಯಾವಾಗ ಶುರು, ಎಲ್ಲ ಅವರಿಗೆ ಬಾಯಿಪಾಠ. ಎಲ್ಲ ಹುಡುಗರನ್ನೂ ಅವರು ಕರೆಯುವುದು "ಮೋನೆ" ಎಂದು. ಬ್ಯಾರಿ ಭಾಷೆಯಲ್ಲಿ ಹಾಗೆಂದರೆ ಮಗನೇ ಎಂದು. ಎಲ್ಲರ ಆಚಾರವನ್ನೂ ಅಷ್ಟು ಜೋಪಾನ ಮಾಡಿದ ಮನುಷ್ಯ ಎಡವಿದ್ದು ಕೂದಲಿನಲ್ಲಿ.

ಟೀಮಿನಲ್ಲಿ ವಾಸು ಎಂಬ ಹುಡುಗನಿದ್ದ. ಹಡಗು ನಿಲ್ಲುವ ದಕ್ಕೆಯ ಹಿಂದಿನ ಓಣಿಯ ಆಚಾರಿಗಳ ಮಗ. ಅವನ ಅಪ್ಪ ಮಂಜಿ, ಅಂದರೆ ಹಾಯಿ ಹಡಗು, ಕಟ್ಟುವ ಬಡಗಿ. ದೂರದ ಯಾನಕ್ಕೆ ಹೊರಟ ಮಂಜಿಯಲ್ಲಿ ರಿಪೇರಿಗೆಂದು ಅವರೂ ಹೋಗುವುದಿತ್ತು. ಅಪ್ಪನಂತೆ ಮಗನೂ ಮಾತು ಕಮ್ಮಿ. ಆದರೆ ಚೆಂಡು ಅವನ ಬರಿಗಾಲಿಗೆ ಬಂದರೆ ನಾವು ಆಟ ಮರೆತು ನೋಡುತ್ತ ನಿಂತುಬಿಡುತ್ತಿದ್ದೆವು, ಬೈಗುಳ ತಿನ್ನುತ್ತಿದ್ದೆವು. ಬೊಂಬಾಯಿಯ ಒಂದು ಮಿಲ್ಲಿನ ಟೀಮಿನವರು ನಮ್ಮೂರಿನ ಹುಡುಗರ ಟೂರ್ನಮೆಂಟ್ ನೋಡಲಿಕ್ಕೆ ಒಬ್ಬರನ್ನು ಕಳಿಸುತ್ತಿದ್ದರು. ಅವರಿಗೆ ಒಪ್ಪಿಗೆಯಾದ ಹುಡುಗನಿಗೆ ಶಾಲೆ ಮುಗಿದ ಮೇಲೆ ಮಿಲ್ಲಿನಲ್ಲಿ ಕೆಲಸ, ಟೀಮಿನಲ್ಲಿ ಜಾಗ. ವಾಸು ಬೊಂಬಾಯಿಗೆ ಹೋಗಲೇಬೇಕು, ಈ ವರ್ಷವೇ ಹೋಗಬೇಕು ಎಂದು ಕಾಕ ಹಟ ಹಿಡಿದಿದ್ದರು.

ಈ ವರ್ಷವೇ ಎನ್ನಲಿಕ್ಕೆ ಕಾರಣವಿತ್ತು. ಹುಡುಗರ ಟೂರ್ನಮೆಂಟಿಗೆ ಪ್ರಾಯದ ಲೆಕ್ಕ ಇರಲಿಲ್ಲ. ಹುಟ್ಟಿದ ದಿನ ಗೊತ್ತಿದ್ದವರಾದರೂ ಎಷ್ಟು ಜನ? ಲೆಕ್ಕವೆಲ್ಲ ಎತ್ತರದ್ದು. ಮೈದಾನದ ಮೂಲೆಯಲ್ಲಿ ಎರಡು ಗೂಟ ನೆಟ್ಟು, ನಾಲ್ಕು ಅಡಿ ಹತ್ತು ಇಂಚಿಗೆ ಅಡ್ಡಕೋಲು ಕಟ್ಟುತ್ತಿದ್ದರು. ನೆಟ್ಟಗೆ ನಡೆದು ಅದರ ಅಡಿಯಿಂದ ದಾಟಬೇಕು. ಕೋಲಿಗೆ ತಲೆ ಮುಟ್ಟಿದರೆ ನೀನು ದೊಡ್ಡವನು, ಮನೆಗೆ ಹೋಗು. ಮೊಣಕಾಲು ಬಗ್ಗಿಸುವವರು, ಕುತ್ತಿಗೆಯನ್ನು ಭುಜದೊಳಗೆ ಎಳಕೊಳ್ಳುವವರು, ಹೀಗೆ ನಮ್ಮ ಸರ್ಕಸ್ಸು ನಡೆಯುತ್ತಿತ್ತು. ಆ ಮಳೆಗಾಲದಲ್ಲಿ ವಾಸು ಮತ್ತು ನಾವು ಮೂವರು ಸರ್ರನೆ ಎತ್ತರವಾಗಿಬಿಟ್ಟೆವು.

ಅಳತೆಯ ಮುಂಚಿನ ದಿನ ಮಧ್ಯಾಹ್ನ ಕಾಕ ನಮ್ಮನ್ನು ಅಂಗಡಿಯ ಕಂಬಕ್ಕೆ ನಿಲ್ಲಿಸಿ ಅಳೆದರು. ನಾಲ್ವರೂ ಒಂದು ಬೆರಳು ಜಾಸ್ತಿ. ಅವರು ನಮ್ಮ ತಲೆಯ ಮೇಲೆ ಅಂಗೈ ಒತ್ತಿ ನೋಡಿದರು. ಗುಂಗುರು ಕೂದಲು, ದಪ್ಪ ಕೂದಲು. ಮುಖ ಅರಳಿತು.

"ಇದು ಎತ್ತರ ಅಲ್ಲ ಮೋನೆ, ಕೂದಲು" ಎಂದು ಹೇಳಿ, ತಮ್ಮ ತಲೆಗೆ ಪ್ರತಿ ವಾರ ಕತ್ತಿ ಆಡಿಸುವವನನ್ನು ಕರೆಸಿದರು. ಕಾಕನಿಗೆ ಬೋಳು ತಲೆಯೆಂದರೆ ಮಿಂದು ಬಟ್ಟೆ ಬದಲಾಯಿಸಿದಷ್ಟೇ ಸಹಜ. ಅವರ ಅಪ್ಪ, ಅಜ್ಜ, ತಮ್ಮ ಎಲ್ಲರದ್ದೂ ಬೋಳು ತಲೆ. ನಾವು ನಗುತ್ತಲೇ ಸಾಲಾಗಿ ಕುಳಿತೆವು. ವಾಸು ಮಾತ್ರ "ಮನೆಯಲ್ಲಿ ಕೇಳಿ ಬರ್ತೇನೆ ಕಾಕ" ಎಂದ. "ಕೂದಲಿಗೆ ಎಂತ ಕೇಳ್ಲಿಕ್ಕುಂಟು? ತಿಂಗಳಲ್ಲಿ ಬರ್ತದೆ" ಎಂದು ಅವನನ್ನೂ ಕೂರಿಸಿದರು.

ನಮ್ಮ ಅಮ್ಮ ಬಾಗಿಲು ತೆರೆದವರು ನನಗೆ ಟೈಫಾಯ್ಡ್ ಬಂದು ಕೂದಲು ತೆಗೆಸಿದ್ದಾರೆ ಎಂದೇ ತಿಳಿದು ಹಣೆ ಮುಟ್ಟಿ ನೋಡಿದರು. ಆಮೇಲೆ ವಿಷಯ ಗೊತ್ತಾಗಿ ಸೌಟು ತೆಗೆದುಕೊಂಡರು. ನಮ್ಮಲ್ಲಿ ಅಷ್ಟಕ್ಕೆ ಮುಗಿಯಿತು.

ವಾಸುವಿನ ಅಪ್ಪ ಆಗ ಊರಲ್ಲಿರಲಿಲ್ಲ. ಮಳೆಗಾಲ ಮುಗಿದು ಸಮುದ್ರ ತೆರೆದ ಮೇಲೆ ಹೊರಟ ಮೊದಲ ಮಂಜಿಯಲ್ಲಿ ಹೋಗಿದ್ದರು. ಹಿಂದೆಯೇ ಹೊತ್ತಲ್ಲದ ಗಾಳಿಮಳೆ ಬಂದಿತ್ತು. ಮಂಜಿಯ ಸುದ್ದಿ ಇರಲಿಲ್ಲ. ಸಮುದ್ರದ ಸುದ್ದಿ ಮೊದಲು ಬರುವುದು ಬಂದರಿನ ಹಗ್ಗದ ಅಂಗಡಿಗೆ, ಯಾಕೆಂದರೆ ಹಡಗಿನವರು ಮೊದಲು ಕಾಲಿಡುವುದು ಅಲ್ಲಿಗೆ. ಇದು ಓಣಿಯ ಪ್ರತಿಯೊಬ್ಬರಿಗೂ ಗೊತ್ತು. ಆ ಅಂಗಡಿಯ ಕಡೆಯಿಂದ ಆ ಸಂಜೆ ಆಚಾರಿಗಳ ಮಗ ತಲೆ ಬೋಳಿಸಿಕೊಂಡು ಒಬ್ಬನೇ ನಡೆದು ಬಂದ. ಅವರಲ್ಲಿ ಮಗ ಹಾಗೆ ತಲೆ ಬೋಳಿಸುವುದು ಅಪ್ಪ ಸತ್ತಾಗ.

ನಾನು ವಾಸುವಿನ ಹಿಂದೆಯೇ ಇದ್ದೆ, ಅವನ ಪುಸ್ತಕ ನನ್ನ ಚೀಲದಲ್ಲಿ ಉಳಿದಿತ್ತು ಎಂದು. ಓಣಿಯ ತುದಿಯಲ್ಲಿ ಒಬ್ಬರು ಅವನನ್ನು ನೋಡಿ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟರು. ಅವನ ಅಜ್ಜಿ ಎದೆ ಬಡಿದುಕೊಂಡದ್ದು ನನಗೆ ಬೀದಿಗೇ ಕೇಳಿಸಿತು. "ಆಟಕ್ಕೆ ಅಮ್ಮ, ಆಟಕ್ಕೆ" ಎಂದು ವಾಸು ಕೂಗುತ್ತಿದ್ದ. ಕೇಳುವವರು ಯಾರು? ಅವನ ಅಮ್ಮ ಗೋಡೆಗೆ ಕೈ ಬಡಿದುಕೊಂಡ ರಭಸಕ್ಕೆ ಬಳೆಗಳೆಲ್ಲ ಒಡೆದು ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ನಾನು ಅಲ್ಲಿಂದ ಬಂದರಿಗೆ ಓಡಿದೆ.

ಕಾಕ ಚಪ್ಪಲಿ ಹಾಕದೆ ಬಂದರು. ಅಂಗಳದ ಹೊರಗೆ ನಿಂತು ಆ ಹೆಂಗಸಿನ ಕೈ ನೋಡಿದರು, ಹುಡುಗನ ತಲೆ ನೋಡಿದರು. ಅವರಿಗೆ ಅರ್ಥವಾದದ್ದು ಅವರ ಮುಖದಲ್ಲಿ ನನಗೆ ಕಾಣಿಸಿತು. ಯಾವ ಹುಡುಗ ಬಿದ್ದು ಕೈ ಮುರಿದರೂ ನಗುತ್ತಿದ್ದ ಮುಖ ಸುಣ್ಣದಂತಾಗಿತ್ತು. "ಅಕ್ಕಾ, ಮಂಜಿಯದ್ದು ಯಾವ ಸುದ್ದಿಯೂ ಬರ್ಲಿಲ್ಲ. ಕೆಟ್ಟದ್ದು ಬರ್ಲಿಲ್ಲ. ನಾನು ಬೋಳಿಸಿದ್ದು. ನನಗೆ ಗೊತ್ತಿರ್ಲಿಲ್ಲ" ಎಂದು ಅಂಗಳದ ಹೊರಗಿನಿಂದಲೇ ಮತ್ತೆ ಮತ್ತೆ ಹೇಳಿದರು.

ಮರುದಿನ ನಾವು ಮೂರು ಬೋಳು ತಲೆಗಳು ಕೋಲಿನ ಅಡಿ ಸಲೀಸಾಗಿ ದಾಟಿದೆವು. ಮೊದಲ ಪಂದ್ಯದಲ್ಲಿಯೇ ಸೋತೆವು. ವಾಸು ಬರಲಿಲ್ಲ. ಬೊಂಬಾಯಿಯವರು ಯಾರನ್ನೂ ಆರಿಸದೆ ಹಿಂದೆ ಹೋದರು.

ನಾಲ್ಕಾರು ದಿನಗಳಲ್ಲಿ ಮಂಜಿ ಬಂತು. ಆಚಾರಿಗಳು ದಕ್ಕೆಯಲ್ಲಿ ಇಳಿದರೆ ಗುರುತಿನವರೆಲ್ಲ ಪ್ರೇತವನ್ನು ಕಂಡವರಂತೆ ದಾರಿ ಬಿಟ್ಟು ನಿಂತರಂತೆ. ಮನೆಗೆ ಹೋಗಿ, ಹೆಂಡತಿಯ ಬರಿಗೈ ನೋಡಿ, ಮರ ಕೆತ್ತುವ ಬಾಚಿಯನ್ನು ಹಿಡಿದುಕೊಂಡೇ ಸೀದಾ ಹಗ್ಗದ ಅಂಗಡಿಗೆ ಬಂದರು. ಆ ಬಾಚಿಯನ್ನು ಅಂಗಡಿಯ ಹಲಗೆಗೆ ಕಚ್ಚಿಸಿ ನಿಲ್ಲಿಸಿದರು. ಒಳಗೆ ಚೆಂಡಿಗೆ ಎಣ್ಣೆ ಹಚ್ಚುತ್ತಿದ್ದ ನಮಗೆ ಜೀವ ಹೋದಂತಾಯಿತು.

"ನಾನು ಬದುಕಿರುವಾಗ ನನ್ನ ಮಗನ ತಲೆ ಬೋಳಿಸ್ಲಿಕ್ಕೆ ನೀವು ಯಾರು? ಮೋನೆ ಅಂತ ಕರೆದ ಕೂಡ್ಲೆ ಮಗ ಆಗ್ತಾನಾ?"

"ಇಲ್ಲ ಆಚಾರ್ರೆ. ತಪ್ಪಾಯ್ತು."

"ಅವನ ತಲೆಯಲ್ಲಿ ಬಾಚಣಿಗೆ ನಿಲ್ಲುವಷ್ಟು ಕೂದಲು ಬರುವ ತನಕ ಅವನು ಮನೆಯ ಹೊರಗೆ ಆಡ್ಲಿಕ್ಕಿಲ್ಲ. ಆಮೇಲೆ ಬೇಕಾದ್ರೆ ನೋಡುವ. ಈಗ ಅವನ ತಲೆ ನೋಡಿದವರೆಲ್ಲ ನನ್ನನ್ನು ಸಾಯಿಸ್ತಾ ಇದ್ದಾರೆ."

ಅಂದಿನಿಂದ ಕಾಕ ಮಾಡಿದ್ದನ್ನು ನೋಡಿ ಇಡೀ ಬಂದರು ಬಾಯಿಯ ಮೇಲೆ ಬೆರಳಿಟ್ಟಿತು. ಅವರು ತಲೆಗೆ ಕತ್ತಿ ಮುಟ್ಟಿಸುವುದನ್ನು ಬಿಟ್ಟರು. ಹುಡುಗನ ಕೂದಲು ಬರುವ ತನಕ ನನಗೂ ಚೌರ ಇಲ್ಲ ಎಂದರು. ಟೊಪ್ಪಿಯ ಅಂಚಿನಿಂದ ಬಿಳಿ ಗುಂಗುರು ಇಣುಕತೊಡಗಿತು. ಮನೆಯವರು ಗದರಿದರು, ಮಸೀದಿಯ ಹಿರಿಯರು ಕರೆದು ಕೇಳಿದರು, ಬೀಡಿ ಸೇದುವವರು ಹಿಂದಿನಿಂದ ನಕ್ಕರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವರು ಗುಡ್ಡೆಗೂ ಗದ್ದೆಗೂ ಹೋಗದೆ ಮಂಜಿ ಕಟ್ಟುವ ಜಾಗಕ್ಕೆ ಹೋಗುತ್ತಿದ್ದರು. ಆಚಾರಿಗಳ ಎದುರು ನಿಂತು ಟೊಪ್ಪಿ ತೆಗೆದು ತಲೆ ತೋರಿಸುವುದು, ಮತ್ತೆ ಟೊಪ್ಪಿ ಹಾಕಿ ಬರುವುದು. ಆಚಾರಿಗಳು ತಲೆ ಎತ್ತದೆ ಉಳಿಗೆ ಹೊಡೆಯುತ್ತಲೇ ಇರುತ್ತಿದ್ದರು.

ಇದಕ್ಕೆಲ್ಲ ಅರ್ಥ ಇರಲಿಲ್ಲ ಎಂದು ನನಗೆ ಆಗ ಸಿಟ್ಟಿತ್ತು. ವಾಸು ಮನೆಯೊಳಗೇ ಎತ್ತರವಾಗುತ್ತಿದ್ದ. ಮುಂದಿನ ವರ್ಷ ತಲೆಯನ್ನೇ ತೆಗೆದರೂ ಅವನು ಕೋಲಿನ ಅಡಿ ದಾಟುವಂತಿರಲಿಲ್ಲ. ಬೊಂಬಾಯಿ ಅವನ ಕೈ ತಪ್ಪಿ ಹೋಗಿತ್ತು.

ಕ್ರಿಸ್ಮಸ್ಸಿಗೆ ಸ್ವಲ್ಪ ಮೊದಲು ಒಂದು ಶುಕ್ರವಾರ ಆಚಾರಿಗಳು ಉಳಿ ಕೆಳಗಿಟ್ಟರು. ಕಿವಿಯ ಹಿಂದಿನಿಂದ ಗುರುತು ಹಾಕುವ ಪೆನ್ಸಿಲು ತೆಗೆದು ಕಾಕನ ಬಿಳಿ ಕೂದಲಿನಲ್ಲಿ ಚುಚ್ಚಿ ಕೈ ಬಿಟ್ಟರು. ಪೆನ್ಸಿಲು ನೆಟ್ಟಗೆ ನಿಂತಿತು. ಸುತ್ತ ಇದ್ದ ಬಡಗಿಗಳು ಕೆಲಸ ನಿಲ್ಲಿಸಿ ನೋಡಿದರು.

"ನಿಂತಿತಲ್ಲ. ಇನ್ನು ಹೋಗಿ ಬೋಳಿಸಿ ಮಾರಾಯ್ರೆ, ನೋಡ್ಲಿಕ್ಕೆ ಆಗುದಿಲ್ಲ" ಎಂದರು ಆಚಾರಿಗಳು. "ನಾಳೆಯಿಂದ ಅವನನ್ನು ಕಳಿಸ್ತೇನೆ."

ಕಾಕ ಬೋಳಿಸಲಿಕ್ಕೆ ಹೋಗಲಿಲ್ಲ. ಅದೇ ತಲೆಯಲ್ಲಿ ಕ್ರಿಸ್ಮಸ್ ಬೆಳಿಗ್ಗೆ ನಮ್ಮ ಇಗರ್ಜಿಯ ಗೇಟಿನ ಹೊರಗೆ ಬಂದು ನಿಂತಿದ್ದರು. ಹೊಸ ಅಂಗಿ ಹಾಕಿ ಹೊರಬಂದ ನಾನು ಅವರನ್ನು ನೋಡಿ ಅಮ್ಮನ ಸೀರೆಯ ಹಿಂದೆ ಸರಿದೆ. ಅವರು ಕಾಯುತ್ತಿದ್ದದ್ದು ನನ್ನನ್ನಲ್ಲ. ಮಿಲ್ಲಿನ ಟೀಮಿಗೆ ಹುಡುಗರನ್ನು ಆರಿಸುವ ಆ ಮನುಷ್ಯ ನಮ್ಮ ಇಗರ್ಜಿಯವರೇ. ಹಬ್ಬಕ್ಕೆ ಊರಿಗೆ ಬಂದಿದ್ದರು. ಕಾಕ ಅವರ ಕೈ ಹಿಡಿದು, "ಪೂಜೆ ಆಯ್ತಲ್ಲ, ಸಂಜೆ ಮೈದಾನಕ್ಕೆ ಬನ್ನಿ" ಎಂದರು.

ಆ ಸಂಜೆ ನಮ್ಮ ದೊಡ್ಡವರ ಟೀಮಿಗೂ ಹಂಚಿನ ಕಾರ್ಖಾನೆಯವರಿಗೂ ಸ್ನೇಹದ ಪಂದ್ಯ. ಮೀಸೆ ಬಂದ ಗಂಡಸರ ನಡುವೆ ಕಾಕ ವಾಸುವನ್ನು ಇಳಿಸಿದರು. ಕೊಲೆಯಾಗುತ್ತದೆ ಎಂದೇ ನಾನು ಕಣ್ಣು ಮುಚ್ಚಿದೆ. ಮಣ್ಣು ಹೊತ್ತು ಗಟ್ಟಿಯಾದ ಕಾಲುಗಳು ಅವನನ್ನು ಕೆಡವಿದವು, ಇನ್ನೊಮ್ಮೆ ಕೆಡವಿದವು. ಬಿದ್ದಷ್ಟೂ ಸಲ ಅವನು ಯಾರನ್ನೂ ನೋಡದೆ ಎದ್ದು ತಿರುಗಿ ಓಡಿದ. ಕೊನೆಗೆ ಕಾರ್ಖಾನೆಯ ಗೋಲ್‌ಕೀಪರನನ್ನು ನೆಲಕ್ಕೆ ಕೂರಿಸಿ ಚೆಂಡು ದಾಟಿಸಿದಾಗ ಎದುರು ಟೀಮಿನ ಬ್ಯಾಕೇ ಅವನನ್ನು ಎತ್ತಿ ನಿಲ್ಲಿಸಿದ.

"ಇವನನ್ನು ಎಲ್ಲಿ ಅಡಗಿಸಿ ಇಟ್ಟಿದ್ರಿ ಮಾರಾಯ್ರೆ?" ಎಂದು ಬೊಂಬಾಯಿಯವರು ಕೇಳಿದರು.

"ಕೂದಲು ಬರ್ಲಿಕ್ಕೆ ಕಾಯ್ತಾ ಇದ್ದೆವು" ಎಂದರು ಕಾಕ. ಅಂದೇ ಹೋಗಿ ತಲೆ ಬೋಳಿಸಿಕೊಂಡರು.

ಶಾಲೆ ಮುಗಿಸಿ ವಾಸು ಬೊಂಬಾಯಿಗೆ ಹೋದ. ಮಿಲ್ಲಿನ ಟೀಮಿನಲ್ಲಿ ಆಡಿ ಹೆಸರು ಮಾಡಿದ. ಅಪ್ಪ ಅಮ್ಮನಿಗೆ ದೇರೆಬೈಲಿನಲ್ಲಿ ಹಂಚಿನ ಮನೆ ಕಟ್ಟಿಸಿಕೊಟ್ಟ. ಊರಿಗೆ ಬಂದಾಗಲೆಲ್ಲ ಮೊದಲು ಹಗ್ಗದ ಅಂಗಡಿ, ಆಮೇಲೆ ಮನೆ ಎಂದು ಕೇಳಿದ್ದೆ. ನಾನು ಮೇಷ್ಟ್ರಾದೆ, ಆಟ ಬಿಟ್ಟೆ. ಕಾಕನನ್ನು ದಾರಿಯಲ್ಲಿ ಕಂಡರೆ ಮಾತಾಡಿಸುತ್ತಿದ್ದೆ. "ಎಂತ ಮೋನೆ, ಹೊಟ್ಟೆ ಬಂತಲ್ಲ" ಎನ್ನುತ್ತಿದ್ದರು.

ಕಾಕ ಹೋಗಿ ಒಂದು ವಾರ ಆಗಿರಬಹುದು. ಶಾಲೆಯ ಕೆಲಸಕ್ಕೆಂದು ದೇರೆಬೈಲಿಗೆ ಹೋದವನು ವಾಸುವಿನ ಮನೆಯ ಎದುರು ಹಾದೆ. ಗೇಟಿನ ಒಳಗೆ ಒಬ್ಬ ಎತ್ತರದ ಆಳು ಬಗ್ಗಿ ಬಾವಿಯ ಹಗ್ಗ ಸುತ್ತುತ್ತಿದ್ದ. ತಿರುಗಿದಾಗ ನೋಡಿದೆ, ವಾಸು. ತಲೆ ನುಣ್ಣಗೆ ಬೋಳು. ಮೀಸೆಯೂ ಇಲ್ಲ.

ಆ ಓಣಿ, ಆ ಕೂಗು, ಆ ಮುಂಗೈ ಒಟ್ಟಿಗೇ ಎದುರು ಬಂದವು. ಈ ಸಲ ಆಟವಿಲ್ಲ, ಕೋಲಿಲ್ಲ, ಆದ್ದರಿಂದ ಸಂಶಯವೂ ಇಲ್ಲ. ಗೇಟು ಹಿಡಿದುಕೊಂಡು, "ಯಾವಾಗ ವಾಸು? ನನಗೆ ಯಾರೂ ಹೇಳ್ಲಿಲ್ಲ. ಅಪ್ಪ..." ಎಂದೆ. ಅವನು ನನ್ನನ್ನು ನೋಡಿದ. ಅವನ ಕಣ್ಣು ಊದಿತ್ತು.

ಆಗ ಬಾಗಿಲಿನಲ್ಲಿ ಆಚಾರಿಗಳು ಕಾಣಿಸಿಕೊಂಡರು. ಬೆನ್ನು ಬಾಗಿದೆ, ಕಿವಿಯ ಹಿಂದೆ ಪೆನ್ಸಿಲು ಹಾಗೇ ಇದೆ. ನಾನು ಕೂಗಿದೆನೋ ಏನೋ, ಪಕ್ಕದ ಮನೆಯ ನಾಯಿ ಬೊಗಳಿತು.

"ನಾನು ಇದ್ದೇನೆ ಮೇಷ್ಟ್ರೆ, ಹೆದರ್ಬೇಡಿ. ಒಳಗೆ ಬನ್ನಿ" ಎಂದರು ಅವರು. "ತಂತಿ ಸಿಕ್ಕಿ ಇವನು ಬಸ್ಸಿನಲ್ಲಿ ಬರುವಾಗ ಬಂದರಿನಲ್ಲಿ ಕಾಕನದ್ದೆಲ್ಲ ಮುಗಿದಿತ್ತು. ಮುಖ ನೋಡ್ಲಿಕ್ಕೆ ಸಿಗ್ಲಿಲ್ಲ. ಮನೆಗೆ ಬಂದು ಗೋಡೆ ನೋಡಿಕೊಂಡು ಕೂತ, ಅನ್ನ ಮುಟ್ಟುದಿಲ್ಲ. ಚೌರದವನನ್ನು ಕರೆಸಿದ್ದು ನಾನೇ."

"ನೀವೇ?"

"ಮತ್ತೆ? ಅಪ್ಪ ಹೋದ ಮೇಲೆ ಮಗ ಕೂದಲು ಇಟ್ಟುಕೊಂಡು ತಿರುಗ್ಲಿಕ್ಕೆ ಆಗ್ತದಾ?"

ವಾಸುವಿನ ಅಮ್ಮ ಒಳಗಿನಿಂದ ನೀರು ತಂದುಕೊಟ್ಟರು. ಕೈತುಂಬ ಬಳೆ ಇತ್ತು. ಲೋಟ ತೆಗೆದುಕೊಳ್ಳಲು ಹೋದ ನನ್ನ ಕೈ ದಾರಿಯಲ್ಲಿ ನನ್ನ ತಲೆಗೆ ಹೋಯಿತು. ನನ್ನನ್ನೂ ಕಾಕ ಮೋನೆ ಎಂದೇ ಕರೆದಿದ್ದರು. ಬೆಳಿಗ್ಗೆ ಎಣ್ಣೆ ಹಾಕಿ ಬಾಚಿದ ಕೂದಲು ಹಾಗೇ ಇತ್ತು.